ಪ್ರೆಬೆನ್ ನಿಲ್ಲಿಸಿದ ಸುತ್ತು

ಇಂಗರ್ಲಿಸ್ ಟೋಪಿಯನ್ನು ಎರಡೂ ಅಂಗೈಯಲ್ಲಿ, ತುಂಬಿದ ಬಟ್ಟಲು ಹಿಡಿದ ಹಾಗೆ ಹಿಡಿದುಕೊಂಡು ಡೇರೆಯಿಂದ ಡೇರೆಗೆ ಹೋಗುತ್ತಿದ್ದಳು. ಮಾರೆನ್ ಬೆಳಗಿನ ಗಂಜಿ ತಳಹಿಡಿದ ಕಬ್ಬಿಣದ ಪಾತ್ರೆಯನ್ನು ಬೂದಿ ಹಾಕಿ ತಿಕ್ಕುತ್ತ ಕೂತಿದ್ದಳು. ತಲೆ ಎತ್ತಿ ನೋಡುತ್ತಿರಲಿಲ್ಲ. ಆದರೂ ಇಂಗರ್ಲಿಸ್ ಈಗ ಯಾರ ಡೇರೆಯ ಮುಂದೆ ನಿಂತಿದ್ದಾಳೆ, ಯಾರು ಟೋಪಿಯನ್ನು ಕೈಗೆ ತೆಗೆದುಕೊಂಡರು, ಎಲ್ಲವೂ ಅವಳ ಕಿವಿಗೆ ಬೀಳುತ್ತಿತ್ತು. ಹೋದಲ್ಲೆಲ್ಲ ಇಂಗರ್ಲಿಸ್ ಹೇಳುತ್ತಿದ್ದುದು ಒಂದೇ ಮಾತು.

"ನೆತ್ತಿಯಿಂದ ಇಲ್ಲೀತನಕ ಪ್ರೆಬೆನ್ ಕೈ. ಇಲ್ಲಿಂದ ಕೆಳಗೆ ನಮ್ಮ ಮಾರೆನ್ ಕೈ. ಬೆರಳಾಡಿಸಿ ನೋಡು, ಗೊತ್ತಾಗತ್ತೆ."

ಬೆರಳಾಡಿಸಿದವರಿಗೆಲ್ಲ ಗೊತ್ತಾಗುತ್ತಿತ್ತು. ಮೇಲಿನ ಸುತ್ತುಗಳು ದೊಡ್ಡವು, ಸಡಿಲ. ಕೆಳಗಿನವು ಸಣ್ಣವು, ಬಿಗಿ. ಗೊತ್ತಾಗಲೆಂದೇ ಮಾರೆನ್ ಹಾಗೆ ಹೆಣೆದಿದ್ದಳು. ಆ ಟೋಪಿಯಲ್ಲಿ ಪ್ರೆಬೆನ್‌ನ ಕೈ ಒಂದು ಕುಣಿಕೆಯಷ್ಟೂ ಇರಲಿಲ್ಲ. ನೆತ್ತಿಯಿಂದ ಅಂಚಿನವರೆಗೆ ಅಷ್ಟೂ ಅವಳದೇ. ಪ್ರೆಬೆನ್ ಹೆಣೆದದ್ದು ಅವಳ ಹಾಸಿಗೆಯ ಅಡಿಯ ಚೀಲದಲ್ಲಿ, ಹಳೆಯ ಬಟ್ಟೆಯೊಂದರೊಳಗೆ, ಆಗ ತಾನೇ ಹುಟ್ಟಿದ ಕೂಸಿನ ತಲೆಗೂ ಹಿಡಿಸದಷ್ಟು ಮುದುಡಿಕೊಂಡು ಬಿದ್ದಿತ್ತು.

ಪ್ರತಿ ಜುಲೈನಲ್ಲಿ ಲಿಮ್‌ಫ್ಯೋರ್ಡ್ ಕೊಲ್ಲಿಯ ದಂಡೆಯ ಈ ಹುಲ್ಲುಗಾವಲಿನಲ್ಲಿ ಅವರ ತಂಡ ಡೇರೆ ಹೊಡೆಯುತ್ತಿತ್ತು. ಒಂದು ವಾರ ಸಾವಿರ ವರ್ಷ ಹಿಂದಿನ ಕಡಲಿಗರಾದ ವೈಕಿಂಗರ ಹಾಗೆ ಬದುಕುವುದು, ನೋಡಲು ಬಂದವರಿಗೆ ತೋರಿಸುವುದು. ಗಡಿಯಾರ, ಫೋನು, ಕನ್ನಡಕ ಎಲ್ಲವೂ ಕಾರಿನಲ್ಲೇ ಉಳಿಯಬೇಕು. ಕಾಫಿಯನ್ನು ಮಾತ್ರ ಬಿಡಲಾಗದೆ ಮರದ ಲೋಟದಲ್ಲಿ ಕುಡಿಯುತ್ತಿದ್ದರು, ಅದನ್ನು ಕಾಫಿ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಂದ ದಿನವೇ, ತಂಡದ ಕಟ್ಟುಪಾಡು ಕಾಯುವ ಹೋಲ್ಗರ್ ಎಲ್ಲರ ಅಂಗಿಯ ಅಂಚು ಮಗುಚಿ ಹೊಲಿಗೆ ನೋಡುತ್ತಿದ್ದ. ಒಂದು ಗೇಣು ಮಿಷನ್ ಹೊಲಿಗೆ ಕಂಡರೆ ಸಾಕು, ಇದು ಯಾವ ರಾಜನ ಕಾಲದ್ದು, ಅವನ ಅರಮನೆಗೆ ಕರೆಂಟು ಇತ್ತಾ ಎಂದು ಹತ್ತು ಜನರ ಮುಂದೆ ವಿಚಾರಿಸುತ್ತಿದ್ದ. ಅವನ ಬಾಯಿಗೆ ಹೆದರಿ ಮಾರೆನ್ ತನ್ನ ಮೊದಲ ಅಂಗಿಯನ್ನು ಮೂರು ಸಲ ಬಿಚ್ಚಿ ಹೊಲಿದಿದ್ದಳು.

ಅಂಥ ಹೋಲ್ಗರ್ ಈಗ ಟೋಪಿಯ ಅಂಚನ್ನೂ ಮಗುಚಿ ನೋಡಲಿಲ್ಲ. ಸುತ್ತುಗಳನ್ನು ಸವರುತ್ತ ಬಂದು ದೊಡ್ಡವು ಮುಗಿಯುವ ಕಡೆ ಬೆರಳಿಟ್ಟ.

"ಇಲ್ಲಿ ನೋಡು ಇಂಗರ್ಲಿಸ್. ಇಲ್ಲಿ ಅವನ ಕೈ ಸೋತಿದೆ."

ಮಾರೆನ್ ಬಗ್ಗಿ ಇನ್ನೊಂದು ಹಿಡಿ ಬೂದಿ ತೆಗೆದುಕೊಂಡಳು. ಪಾತ್ರೆಯ ತಳ ಆಗಲೇ ಹೊಳೆಯುತ್ತಿತ್ತು.

ಅವಳು ಈ ತಂಡಕ್ಕೆ ಸೇರಿದ್ದು ಪ್ರೆಬೆನ್‌ನಿಂದಾಗಿ. ಆಲ್ಬೋರ್ಗ್‌ನಲ್ಲಿ ಅವಳದು ಹಲ್ಲು ಕಟ್ಟುವ ಕೆಲಸ. ವೈದ್ಯರು ಅಚ್ಚು ತೆಗೆದು ಕಳಿಸಿದರೆ ಇವಳು ಹಿಂದಿನ ಕೋಣೆಯಲ್ಲಿ ಕೂತು, ಪಕ್ಕದ ಹಲ್ಲಿನ ಬಣ್ಣ, ಸವೆತ, ಕಲೆ ಎಲ್ಲ ನೋಡಿ, ಯಾವುದು ಹುಟ್ಟಿದ್ದು ಯಾವುದು ಕಟ್ಟಿಸಿದ್ದು ಎಂದು ಕನ್ನಡಿಗೂ ತಿಳಿಯದ ಹಾಗೆ ಮಾಡಿಕೊಡಬೇಕು. ಮಾತಿನ ಅಗತ್ಯವಿರದ ಕೆಲಸ ಅದು, ಅದಕ್ಕೇ ಅವಳಿಗೆ ಒಗ್ಗಿತ್ತು. ನಾಲ್ಕು ಬೇಸಿಗೆಯ ಹಿಂದೆ ಈ ಡೇರೆಗಳನ್ನು ನೋಡಲು ಬಂದವಳು, ಬೆಂಚಿನ ಮೇಲೆ ಒಬ್ಬನೇ ಕೂತು ದಪ್ಪನೆಯ ಮೂಳೆಯ ಸೂಜಿಯಿಂದ ಟೋಪಿ ಹೆಣೆಯುತ್ತಿದ್ದ ದೋಣಿಬಡಗಿ ಪ್ರೆಬೆನ್‌ನ ಪಕ್ಕ ನಿಂತುಬಿಟ್ಟಳು. ಅವನು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಸಂಜೆ ಹೊತ್ತಿಗೆ ಸೂಜಿ ಅವಳ ಕೈಯಲ್ಲಿತ್ತು.

ಅದು ಎರಡು ಕಡ್ಡಿಯ ಹೆಣಿಗೆಯಲ್ಲ, ಅದಕ್ಕಿಂತ ಹಳೆಯದು. ಒಂದೇ ಸೂಜಿ, ತೋಳುದ್ದದ ನೂಲು. ಕುಣಿಕೆಯನ್ನು ಹೆಬ್ಬೆರಳಿಗೆ ಸುತ್ತಿ, ಹಿಂದಿನ ಕುಣಿಕೆಗಳೊಳಗೆ ಸೂಜಿ ತೂರಿಸಿ ಎಳೆಯಬೇಕು. ನೆತ್ತಿಯಿಂದ ಶುರುವಾಗಿ ಸುತ್ತುಸುತ್ತಾಗಿ ಕಿವಿಗೆ ಇಳಿಯುತ್ತದೆ. ಒಬ್ಬರ ಹೆಬ್ಬೆರಳು ಎಷ್ಟು ದಪ್ಪವೋ ಅವರ ಕುಣಿಕೆ ಅಷ್ಟು ದೊಡ್ಡದು. ಹಾಗಾಗಿ ಯಾರ ಟೋಪಿ ಯಾರದೆಂದು ತಂಡದವರು ನೋಡಿದೊಡನೆ ಹೇಳುತ್ತಿದ್ದರು. ಪ್ರೆಬೆನ್‌ನದು ಬಡಗಿಯ ಹೆಬ್ಬೆರಳು. ಮಾರೆನ್‌ಳ ಮೊದಲ ಟೋಪಿ ನೋಡಿ ಅವನು, ನಿನ್ನ ಹೆಬ್ಬೆರಳು ಇಲಿಮರಿ ಹಾಗಿದೆ, ಈ ಟೋಪಿಯೊಳಗೆ ಗಾಳಿ ಇರಲಿ, ಒಂದು ಯೋಚನೇನೂ ನುಗ್ಗಲ್ಲ ಎಂದು ಕಿಚಾಯಿಸಿದ್ದ. ಇಂಥ ಟೋಪಿ ಆ ಕಾಲದಲ್ಲಿ ಇತ್ತೆನ್ನಲು ಸಾಕ್ಷಿ ಎಲ್ಲಿ, ನೆಲದಡಿ ಸಿಕ್ಕಿದ್ದು ಒಂದು ಕಾಲುಚೀಲ ತಾನೇ ಎಂದು ಹೋಲ್ಗರ್ ಪ್ರತಿವರ್ಷ ತಗಾದೆ ತೆಗೆಯುತ್ತಿದ್ದ. ಪ್ರೆಬೆನ್ ಪ್ರತಿವರ್ಷ ಒಂದೇ ಉತ್ತರ ಕೊಡುತ್ತಿದ್ದ: ಕಾಲು ಬೆಚ್ಚಗಿಟ್ಟುಕೊಂಡವನು ತಲೆಯನ್ನು ಹೆಂಡತಿಯ ಬೈಗುಳದಿಂದ ಬೆಚ್ಚಗಿಟ್ಟುಕೊಳ್ಳುತ್ತಿದ್ದನೋ?

ನೂಲು ಮುಗಿದಾಗ ಗಂಟು ಹಾಕುವ ಹಾಗಿಲ್ಲ. ಹಳೆಯ ತುದಿ, ಹೊಸ ತುದಿ ಎರಡನ್ನೂ ಬಿಡಿಸಿ, ಅಂಗೈ ಮೇಲೆ ಒಂದರ ಮೇಲೊಂದು ಇಟ್ಟು, ಅದಕ್ಕೆ ಉಗುಳಿ, ಎರಡೂ ಅಂಗೈಯಿಂದ ಉಜ್ಜಬೇಕು. ಎರಡೂ ಒಂದಾಗುತ್ತವೆ. ಮಾರೆನ್ ನಾಚಿಕೊಂಡು ಮೊದಲ ದಿನ ನೀರು ಹಚ್ಚಿದ್ದಳು. ಅಂಟಲಿಲ್ಲ. "ನೀರಿಗೆಲ್ಲ ಬಗ್ಗಲ್ಲ ಅದು," ಎಂದಿದ್ದ ಪ್ರೆಬೆನ್. "ಎಂಜಲೇ ಆಗ್ಬೇಕು."

ಕಳೆದ ಚಳಿಗಾಲದಲ್ಲಿ ಅವನ ಕೈ ನಡುಗಲು ಶುರುವಾಯಿತು. ಉಳಿದೆಲ್ಲ ಕೆಲಸ ಬಿಟ್ಟರೂ ಹೊಸ ಟೋಪಿಯೊಂದನ್ನು ಹಿಡಿದುಕೊಂಡು ಕಿಟಕಿ ಬಳಿ ಕೂರುತ್ತಿದ್ದನಂತೆ. ಅದು ಅವನ ಹೆಂಡತಿ ಇಂಗರ್ಲಿಸ್ ಮಂಜಿಷ್ಠದ ಬೇರು ಕುದಿಸಿ ಕೆಂಪು ಬಣ್ಣ ಹಾಕಿದ ನೂಲು. ಟೋಪಿ ಅರ್ಧವಾಗುವಷ್ಟರಲ್ಲಿ, ಫೆಬ್ರವರಿಯಲ್ಲಿ, ಅವನು ತೀರಿಕೊಂಡ. ಈಸ್ಟರ್ ಕಳೆದ ಮೇಲೆ ಇಂಗರ್ಲಿಸ್ ಬಸ್ಸಿನಲ್ಲಿ ಆಲ್ಬೋರ್ಗ್‌ಗೆ ಬಂದು, ಅರ್ಧ ಟೋಪಿ, ಅದರಲ್ಲಿ ಇನ್ನೂ ನೇತಾಡುತ್ತಿದ್ದ ಸೂಜಿ, ಉಳಿದ ನೂಲು ಎಲ್ಲವನ್ನೂ ಮಾರೆನ್‌ಳ ಅಡುಗೆಮನೆಯ ಮೇಜಿನ ಮೇಲಿಟ್ಟಿದ್ದಳು. ನೀನೇ ಮುಗಿಸಿಕೊಡು ಎಂದಳು. ಬಾಗಿಲ ಬಳಿ ಹೋದವಳು ತಿರುಗಿ ನಿಂತು ಒಂದು ಮಾತು ಸೇರಿಸಿದಳು.

"ಅವನದು ಎಲ್ಲಿ ಮುಗೀತು, ನಿಂದು ಎಲ್ಲಿ ಶುರುವಾಯ್ತು ಅನ್ನೋದು ಕಾಣ್ಲಿ. ಮುಚ್ಚೋಕೆ ಹೋಗ್ಬೇಡ."

ಮಾರೆನ್ ಮುಚ್ಚಲು ಹೋದಳು.

ಬೇಕೆಂದು ಅಲ್ಲ ಎಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಆದರೆ ಬೇಕೆಂದೇ. ಟೋಪಿ ಮುಗಿದಾಗ ಅವನ ದೊಡ್ಡ ಕುಣಿಕೆಗಳ ಕೆಳಗೆ ಅವಳ ಇಲಿಮರಿ ಕುಣಿಕೆಗಳು ಬಿಗಿದುಕೊಂಡು, ನಡುವೆ ದಾರ ಕಟ್ಟಿದ ಹಾಗೆ ಒಂದು ಗೆರೆ ಎದ್ದಿತ್ತು. ಜುಲೈನಲ್ಲಿ ತಂಡದ ನಲವತ್ತು ಜನ ಆ ಗೆರೆ ನೋಡುತ್ತಾರೆ, ಇದನ್ನು ಮಾಡಿದ್ದು ಮಾರೆನ್ ಎನ್ನುತ್ತಾರೆ. ಹಲ್ಲಿನ ಸಾಲಿನಲ್ಲಿ ಕಟ್ಟಿಸಿದ ಹಲ್ಲು ಎದ್ದು ಕಾಣುವುದನ್ನು ಅವಳ ಕಣ್ಣು ಸಹಿಸುತ್ತಿರಲಿಲ್ಲ. ಬಿಸಿನೀರಿಗೆ ಸೋಪು ಹಾಕಿ ಸ್ವಲ್ಪ ನಾದಿದರೆ ಉಣ್ಣೆ ದಟ್ಟವಾಗುತ್ತದೆ, ಗೆರೆ ಮಾಸುತ್ತದೆ. ತಂಡದ ಎಲ್ಲರೂ ಟೋಪಿಯನ್ನು ಹಾಗೆ ನಾದುವವರೇ, ಗಾಳಿ ನುಗ್ಗದಿರಲೆಂದು. ಆದರೆ ಕೈಯಿಂದ ನಾದಲು ಅರ್ಧ ದಿನ ಬೇಕು. ಅವಳು ಟೋಪಿಯನ್ನು ಕಟ್ಟಡದ ನೆಲಮಾಳಿಗೆಯ ಬಟ್ಟೆ ತೊಳೆಯುವ ಕೋಣೆಗೆ ಒಯ್ದು, ಮಿಷನ್ನಿಗೆ ಹಾಕಿ, ಸ್ವಲ್ಪ ಹೊತ್ತಿಗೆ ಬಂದು ನಿಲ್ಲಿಸಿದರಾಯಿತು ಎಂದು ಮೇಲೆ ಹೋದಳು. ಯಾವುದೋ ಹಲ್ಲಿನ ಬಣ್ಣದ ಯೋಚನೆ ಹತ್ತಿಕೊಂಡಿತು. ನೆನಪಾಗಿ ಓಡಿ ಬಂದಾಗ ಬಾಗಿಲು ತೆರೆಯಲಿಲ್ಲ. ತೊಳೆದು ಮುಗಿಯುವವರೆಗೆ ಆ ಮಿಷನ್ನಿನ ಬಾಗಿಲು ತೆರೆಯುವುದಿಲ್ಲ. ಗುಂಡಿಗಳನ್ನೆಲ್ಲ ಒತ್ತಿದಳು, ಪ್ಲಗ್ ಕಿತ್ತಳು. ಪ್ಲಗ್ ಕಿತ್ತರೂ ಬಾಗಿಲು ಕಚ್ಚಿಕೊಂಡೇ ಇತ್ತು, ಬಿಸಿನೀರು ಒಳಗೇ ನಿಂತಿತ್ತು. ಮತ್ತೆ ಹಾಕಿ, ಸಿಮೆಂಟಿನ ನೆಲದ ಮೇಲೆ ಮಂಡಿಯೂರಿ ಕೂತು, ದುಂಡನೆಯ ಗಾಜಿನ ಹಿಂದೆ ಪ್ರೆಬೆನ್‌ನ ಟೋಪಿ ಸುತ್ತು ಹಾಕಿ ಹಾಕಿ ಸಣ್ಣದಾಗುವುದನ್ನು ಕೊನೆಯವರೆಗೂ ನೋಡಿದಳು.

ಹೊರಗೆ ಬಂದದ್ದು ಒಂದು ಮುಷ್ಟಿ. ಗೆರೆ ಮಾತ್ರ ನಿಜಕ್ಕೂ ಮಾಸಿಹೋಗಿತ್ತು.

ಅವತ್ತೇ ಫೋನು ಮಾಡಬಹುದಿತ್ತು. ಕೈಗೆತ್ತಿಕೊಂಡಳು ಕೂಡ. ಇಂಗರ್ಲಿಸ್ ಆ ಕಡೆಯಿಂದ ಹಲೋ ಎನ್ನುವುದನ್ನು ಊಹಿಸಿಕೊಂಡೊಡನೆ ಫೋನನ್ನು ಕೆಳಗಿಟ್ಟಳು. ನೂಲು ಇನ್ನೂ ಬೇಕಾದಷ್ಟು ಉಳಿದಿತ್ತು. ಅದೇ ಬಣ್ಣ, ಅದೇ ಪಾತ್ರೆಯಲ್ಲಿ ಅದ್ದಿದ್ದು, ಅದೇ ಸೂಜಿ. ಅವಳು ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತುತ್ತ ಹೋದಳು, ಬಡಗಿಯ ಹೆಬ್ಬೆರಳಿನಷ್ಟು ದಪ್ಪವಾಗುವವರೆಗೆ. ನೆತ್ತಿ ಸರಿಯಾಗಿಯೇ ಬಂತು. ಆದರೆ ಅವನ ಕೊನೆಯ ಸುತ್ತುಗಳಲ್ಲಿ ನಡುಕವಿತ್ತು. ಒಂದು ಕುಣಿಕೆ ಉಬ್ಬಿ, ಇನ್ನೊಂದು ಕುಗ್ಗಿ, ಮತ್ತೊಂದು ಅಡ್ಡಕ್ಕೆ ಜಾರಿರುತ್ತಿತ್ತು. ಬೇಕೆಂದು ವಕ್ರ ಹೆಣೆದರೆ ಅದು ಬೇಕೆಂದೇ ಹೆಣೆದ ಹಾಗೆ ಕಾಣುತ್ತಿತ್ತು. ಕೊನೆಗೆ ಅವಳು ನೀರು ತುಂಬಿದ ಬಕೆಟನ್ನು ಕೈ ಚಾಚಿ ಎತ್ತಿ ಹಿಡಿದು ನಿಂತಳು. ತೋಳು ಸೋತು ತಾನಾಗಿ ಅದುರತೊಡಗಿದ ಮೇಲೆ ಬಕೆಟ್ ಇಳಿಸಿ ಸೂಜಿ ಹಿಡಿದಳು. ಅದುರು ನಿಂತಾಗ ಮತ್ತೆ ಬಕೆಟ್. ಹಾಗೆ ಮಾಡಿ ಮುಗಿಸಿದಳು. ಚೆನ್ನಾಗಿ ಬಂದಿದೆ ಎನ್ನಿಸಿ ಒಂದು ಕ್ಷಣ ಖುಷಿಯೂ ಆಯಿತು.

ಮೊನ್ನೆ ಡೇರೆ ಹೊಡೆದ ದಿನ ಟೋಪಿಯನ್ನು ಕೊಟ್ಟಳು. ಬರುವ ದಾರಿಯಲ್ಲಿ ಹೇಳಿಬಿಡುವ ಎಂದು ಮಾತು ಜೋಡಿಸಿಕೊಂಡೇ ಬಂದಿದ್ದಳು, ಮುದುಡಿದ್ದನ್ನೂ ಅದಕ್ಕಾಗಿಯೇ ಚೀಲದಲ್ಲಿ ತಂದಿದ್ದಳು. ಇಂಗರ್ಲಿಸ್ ಟೋಪಿ ಕೈಗೆ ತೆಗೆದುಕೊಂಡು ಕಣ್ಣುಮುಚ್ಚಿ ಸುತ್ತಿನ ಮೇಲೆ ಬೆರಳು ನಡೆಸಿದಳು. ನಡುಕದ ಸುತ್ತುಗಳು ಬಂದಾಗ ಬೆರಳು ನಿಂತಿತು. ಆಮೇಲೆ ಮಾರೆನ್‌ಳನ್ನು ಎಳೆದು ಎದೆಗೊತ್ತಿಕೊಂಡಳು. ಜೋಡಿಸಿಕೊಂಡು ಬಂದ ಮಾತೆಲ್ಲ ಅಲ್ಲೇ ಕಲಸಿಹೋಯಿತು.

ಈಗ ಡೇರೆಗಳ ಸುತ್ತು ಮುಗಿಸಿ ಇಂಗರ್ಲಿಸ್ ತಾವಿಬ್ಬರೂ ಇದ್ದ ಡೇರೆಗೆ ವಾಪಸು ಬಂದು ಕುರಿದೊಗಲಿನ ಮೇಲೆ ಕೂತಳು. ಮಾರೆನ್ ಮರದ ಲೋಟದಲ್ಲಿ ಕಾಫಿ ಕೊಟ್ಟಳು, ರೈ ರೊಟ್ಟಿಯ ಮೇಲೆ ಹೊಗೆ ಹಾಯಿಸಿದ ಮೀನು ಇಟ್ಟುಕೊಟ್ಟಳು. ನೋಡಲು ಬಂದ ಒಂದು ಸಂಸಾರ ಡೇರೆಯ ಮುಂದೆ ನಿಂತಿತು. ತಂದೆ ಟೋಪಿ ನೋಡಿ, ವೈಕಿಂಗರೆಂದರೆ ಕೊಂಬಿನ ಟೋಪಿಯವರು ಎಂದುಕೊಂಡವನ ಹಾಗೆ, ಇದಕ್ಕೆ ಕೊಂಬು ಇಲ್ಲವಾ ಎಂದು ಕೇಳಿದ. ಪ್ರೆಬೆನ್ ಇದ್ದಿದ್ದರೆ, ಇತ್ತು, ಹೆಂಡತಿ ಬಾಗಿಲಲ್ಲಿ ತಗಲತ್ತೆ ಅಂತ ಕುಯ್ಸಿಬಿಟ್ಲು ಎನ್ನುತ್ತಿದ್ದ. ಇಂಗರ್ಲಿಸ್ ಅದನ್ನೇ ಹೇಳಿ ತಾನೂ ನಕ್ಕಳು. ಅವರು ನಗುತ್ತ ಮುಂದೆ ಹೋದರು. ಆಕೆ ನಗುವುದನ್ನು ಮಾರೆನ್ ಫೆಬ್ರವರಿಯಿಂದೀಚೆಗೆ ನೋಡಿರಲಿಲ್ಲ.

ಡೇರೆಯ ಮೂಲೆಯಲ್ಲಿ ಪುಟ್ಟ ದೋಣಿ ಇತ್ತು, ತೋಳುದ್ದದ್ದು. ತಂಡದವರಲ್ಲಿ ಯಾರಾದರೂ ತೀರಿಕೊಂಡರೆ ಮುಂದಿನ ಬೇಸಿಗೆಯಲ್ಲಿ, ಅವರು ತಮಗೆಂದು ಕೈಯಾರೆ ಮಾಡಿಕೊಂಡ ವಸ್ತುಗಳನ್ನು ಅಂಥ ದೋಣಿಯಲ್ಲಿಟ್ಟು, ಬೆಂಕಿ ಕೊಟ್ಟು, ಕೊಲ್ಲಿಗೆ ಬಿಡುವುದು ಅವರೇ ಮಾಡಿಕೊಂಡ ಪದ್ಧತಿ. ಮನೆಯವರು ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು, ಉಳಿದದ್ದೆಲ್ಲ ಬೆಂಕಿಗೆ. ಇಷ್ಟು ವರ್ಷ ಆ ದೋಣಿಗಳನ್ನು ಮಾಡಿಕೊಡುತ್ತಿದ್ದವನು ಪ್ರೆಬೆನ್. ಅವನದನ್ನು ಹೋಲ್ಗರ್ ಮಾಡಿದ್ದ, ಅದು ಒಂದು ಕಡೆಗೆ ವಾಲುತ್ತಿತ್ತು.

ಇಂಗರ್ಲಿಸ್ ಪೆಟ್ಟಿಗೆ ತೆರೆದು ಪ್ರೆಬೆನ್‌ನ ನೀಲಿ ನಿಲುವಂಗಿ ತೆಗೆದಳು. ಕೊರಳಿನ ಸುತ್ತ ಅವನೇ ಹಾಕಿದ ಹೊಲಿಗೆ, ಮೊಣಕೈಯಲ್ಲಿ ಅವನೇ ಹಾಕಿದ ತೇಪೆ. ಅದನ್ನು ಮಡಿಸಿ ದೋಣಿಯಲ್ಲಿಟ್ಟಳು. ತೊಗಲಿನ ಜೋಡು ಇಟ್ಟಳು. ಸೊಂಟಪಟ್ಟಿ, ಮರದ ಚಮಚ.

ನಿಲುವಂಗಿಯನ್ನು ಇಟ್ಟುಕೊಳ್ಳುತ್ತೇನೆ ಎಂದು ಆಕೆ ಮೊದಲು ಹೇಳಿದ್ದುಂಟು. ಮಾರೆನ್ ಅದನ್ನು ನೆನಪಿಸಿದಳು.

"ಹೇಳಿದ್ದೆ," ಎಂದಳು ಇಂಗರ್ಲಿಸ್. "ಆದ್ರೆ ಅದನ್ನ ನಾನು ನೂರು ಸಲ ತೊಳೆದಿದೀನಿ. ಕೊನೇ ಸಲ ಆಸ್ಪತ್ರೆಯಿಂದ ಬಂದ್ಮೇಲೆ, ಏನೂ ಯೋಚನೆ ಮಾಡ್ದೆ ತೊಳೆದುಬಿಟ್ಟೆ. ಈಗ ಮೂಗಿಗೆ ಹಿಡಿದ್ರೆ ಬರೀ ಸೋಪು. ಈ ಟೋಪಿ ಹಾಗಲ್ಲ. ನೂಲು ಜೋಡಿಸಿದಾಗೆಲ್ಲ ಉಗುಳಿದಾನೆ ಮುದುಕ. ಪ್ರತಿ ತೋಳುದ್ದಕ್ಕೂ ಅವನ ಎಂಜಲಿದೆ ಇದರಲ್ಲಿ. ಬೇರೆ ಯಾವುದರಲ್ಲೂ ಅವನು ಇಷ್ಟು ಇಲ್ಲ." ಟೋಪಿಯನ್ನು ಮಡಿಲಿಗೆ ಹಾಕಿಕೊಂಡಳು. "ನನಗೆ ಇದೊಂದು ಸಾಕು. ಉಳಿದಿದ್ದೆಲ್ಲ ಹೋಗ್ಲಿ."

ಆ ಟೋಪಿಯ ಪ್ರತಿ ತೋಳುದ್ದಕ್ಕೂ ಇದ್ದದ್ದು ಮಾರೆನ್‌ಳ ಎಂಜಲು.

ಅವಳು ಎದ್ದು ಡೇರೆಯ ಹಿಂದೆ ಹೋದಳು. ಕೊಲ್ಲಿಯ ಕಡೆಯಿಂದ ಟಾರಿನ ವಾಸನೆಯ ಗಾಳಿ ಬೀಸುತ್ತಿತ್ತು, ದಂಡೆಯಲ್ಲಿ ಹೋಲ್ಗರ್ ಒಣ ಪುರಲೆ ಹೊರೆ ಕಟ್ಟುತ್ತಿದ್ದ. ಇಷ್ಟು ದಿನ ಅವಳು ತನ್ನನ್ನು ತಾನು ಸಮಾಧಾನ ಮಾಡಿಕೊಂಡಿದ್ದ ಮಾತು ಒಂದಿತ್ತು: ಸುಳ್ಳಾದರೂ ಇಂಗರ್ಲಿಸ್‌ಗೆ ನೆಮ್ಮದಿಯಾಗಿದೆ, ಕೆಡಿಸುವುದೇಕೆ? ಇನ್ನು ಆ ಮಾತು ನಿಲ್ಲುವ ಹಾಗಿರಲಿಲ್ಲ. ಇವತ್ತು ಸುಮ್ಮನಿದ್ದರೆ ನಿಲುವಂಗಿ ಸುಟ್ಟುಹೋಗುತ್ತದೆ, ಜೋಡು ಸುಟ್ಟುಹೋಗುತ್ತದೆ, ಗಂಡನ ಕೈಕೆಲಸ ಒಂದೆಳೆಯೂ ಇಲ್ಲದ ಮನೆಗೆ ಈಕೆ ಮಾರೆನ್ ಮಾಡಿದ ಟೋಪಿ ಹಿಡಿದುಕೊಂಡು ಹೋಗುತ್ತಾಳೆ. ದಿನಾ ಅದನ್ನು ಮುಟ್ಟುತ್ತಾಳೆ, ಮೂಗಿಗೆ ಹಿಡಿಯುತ್ತಾಳೆ.

ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು, ಅತ್ತವರನ್ನು ಇಂಗರ್ಲಿಸ್ ಬೈಯುವವಳಲ್ಲ. ಡೇರೆಯೊಳಗೆ ಹೋಗಿ ಹಾಸಿಗೆ ಅಡಿಯ ಚೀಲಕ್ಕೆ ಕೈ ಹಾಕಿ ಬಟ್ಟೆಯ ಗಂಟನ್ನು ತೆಗೆದಳು. ಬಂದು ಇಂಗರ್ಲಿಸ್‌ಳ ಎದುರು ಮಂಡಿಯೂರಿ ಅದನ್ನು ಬಿಚ್ಚಿದಳು.

ಇಂಗರ್ಲಿಸ್ ಬಗ್ಗಿ ನೋಡಿ ನಕ್ಕಳು. "ಇದೇನೇ, ಗೊಂಬೆ ಕುಲಾವಿನಾ?"

"ಇದು ಪ್ರೆಬೆನ್ ಹೆಣೆದಿದ್ದು."

ಇಂಗರ್ಲಿಸ್‌ಳ ಮುಖದಲ್ಲಿ ನಗು ಇನ್ನೂ ಇತ್ತು.

"ನಿನ್ನ ಮಡಿಲಲ್ಲಿರೋದು ನಾನು ಮಾಡಿದ್ದು," ಎಂದಳು ಮಾರೆನ್. "ಮೇಲಿನ ಅರ್ಧಾನೂ ನಾನೇ. ಅವನದನ್ನ ಹಾಳು ಮಾಡ್ಬಿಟ್ಟೆ ಇಂಗರ್ಲಿಸ್. ಗೆರೆ ಹೋಗ್ಲಿ ಅಂತ ವಾಷಿಂಗ್ ಮಿಷನ್‌ಗೆ ಹಾಕ್ದೆ."

ಹೊರಗೆ ಯಾರೋ ಕಮ್ಮಾರನ ತಿದಿಯೊತ್ತುವ ಸದ್ದು ಕೇಳುತ್ತಿತ್ತು. ಇಂಗರ್ಲಿಸ್ ಕಾಫಿ ಲೋಟವನ್ನು ಹುಲ್ಲಿನ ಮೇಲಿಟ್ಟಳು. ಆಮೇಲೆ ದಿಂಬಿನ ಕೆಳಗೆ ಕೈ ಹಾಕಿ, ಹೋಲ್ಗರ್‌ನ ಕಣ್ಣುತಪ್ಪಿಸಿ ತಂದಿಟ್ಟುಕೊಂಡಿದ್ದ ಕನ್ನಡಕ ತೆಗೆದು ಹಾಕಿಕೊಂಡಳು. ಈ ಎರಡು ದಿನ ಟೋಪಿ ನೋಡಲು ಆಕೆಗೆ ಕಣ್ಣು ಬೇಕೆನ್ನಿಸಿರಲಿಲ್ಲ, ಬೆರಳೇ ಸಾಕಾಗಿತ್ತು. ಮೊದಲು ಮಡಿಲಿನದನ್ನು ಬೆಳಕಿಗೆ ಹಿಡಿದಳು, ಆಮೇಲೆ ಮುದುಡಿದ್ದನ್ನು.

"ಈ ಏರುಪೇರು," ಎಂದಳು, ನಡುಕದ ಸುತ್ತಿನ ಮೇಲೆ ಬೆರಳಿಟ್ಟು. "ಇದೂ ನೀನೇನಾ?"

"ಹೂಂ."

"ಅವನ ಕೈ ನಡುಕಾನೂ?"

ಮಾರೆನ್ ತಲೆಯಾಡಿಸಿದಳು. ಹೇಗೆ ಎಂದು ಇಂಗರ್ಲಿಸ್ ಕೇಳಿದಳು, ಅಡುಗೆ ಮಾಡುವ ಬಗೆ ಕೇಳುವವರ ಹಾಗೆ, ಸಿಟ್ಟಿಲ್ಲದೆ. ಮಾರೆನ್ ಬ್ಯಾಂಡೇಜಿನ ಸಂಗತಿ ಹೇಳಿದಳು, ಬಕೆಟ್ಟಿನ ಸಂಗತಿ ಹೇಳಿದಳು. ಏನನ್ನೂ ಬಿಡಲಿಲ್ಲ. ಹೇಳುವಾಗ ನೆಲ ನೋಡುತ್ತಿದ್ದಳು. ಮುಗಿದ ಮೇಲೂ ನೆಲವನ್ನೇ ನೋಡಿದಳು. ಇಂಗರ್ಲಿಸ್ ಮುದುಡಿದ ಕೆಂಪು ಮುಷ್ಟಿಯನ್ನು ಕಣ್ಣಿಗೆ ಹತ್ತಿರ ತಂದು, ದೂರ ಒಯ್ದು, ಉಗುರಿನಿಂದ ಕೆರೆದು ಏನನ್ನೋ ಹುಡುಕುತ್ತಿದ್ದಳು. ಉಣ್ಣೆ ಕಂಬಳಿಯ ಹಾಗೆ ಒಂದೇ ಮೈಯಾಗಿತ್ತು. ಸುತ್ತು ಯಾವುದು, ಕುಣಿಕೆ ಯಾವುದು, ಒಂದೂ ಉಳಿದಿರಲಿಲ್ಲ.

"ಅವನು ಎಲ್ಲಿಗೆ ನಿಲ್ಲಿಸಿದ ಅನ್ನೋದು ನನಗೆ ಬೇಕಿತ್ತು ಮಾರೆನ್," ಎಂದಳು ಕೊನೆಗೆ. "ಅವತ್ತು ನಾನು ಅಂಗಡಿಗೆ ಹೋಗಿದ್ದೆ. ಬಂದಾಗ ಸೂಜಿ ಹಾಗೇ ನೇತಾಡ್ತಿತ್ತು. ಅದೊಂದು ಜಾಗ ಬೇಕಿತ್ತು ನನಗೆ. ಅದಕ್ಕೇ ಹೇಳಿದ್ದು, ಮುಚ್ಬೇಡ ಅಂತ."

ಕ್ಷಮಿಸು ಎಂಬ ಮಾತು ಬಾಯಿಯವರೆಗೆ ಬಂದದ್ದನ್ನು ಮಾರೆನ್, ಅದರಿಂದ ತನಗೆ ಮಾತ್ರ ಹಗುರವಾದೀತು ಎನ್ನಿಸಿ ನುಂಗಿಕೊಂಡಳು.

ಇಂಗರ್ಲಿಸ್ ಎದ್ದಳು. ದೋಣಿಯಿಂದ ನಿಲುವಂಗಿಯನ್ನು ತೆಗೆದು, ಕೊಡವಿ, ತನ್ನ ಹೆಗಲ ಮೇಲೆ ಹಾಕಿಕೊಂಡಳು. ಮುದುಡಿದ ಟೋಪಿಯನ್ನು ಕೈಯಲ್ಲಿ ಸ್ವಲ್ಪ ಹೊತ್ತು ತೂಗಿದಳು.

"ಇದರಲ್ಲಿ ನೀನೂ ಅವನೂ ಬಿಡಿಸಕ್ಕಾಗದೆ ಕಲೆತುಹೋಗಿದೀರಿ. ನಾನು ಇದನ್ನ ಇಟ್ಕೊಳಲ್ಲ. ಅವನ ಜೊತೆ ಹೋಗ್ಲಿ." ನಿಲುವಂಗಿ ಇದ್ದ ಜಾಗದಲ್ಲಿ ಅದನ್ನು ಇಟ್ಟಳು. ಆಮೇಲೆ ಕೆಂಪು ಟೋಪಿಯನ್ನು ಎತ್ತಿ, ಮಂಡಿಯೂರಿದ್ದ ಮಾರೆನ್‌ಳ ತಲೆಗೆ ಹಾಕಿ, ಕಿವಿ ಮುಚ್ಚುವ ಹಾಗೆ ಎರಡೂ ಕಡೆ ಕೆಳಕ್ಕೆಳೆದಳು. ಆ ಎಳೆತದಲ್ಲಿ ಪ್ರೀತಿ ಇರಲಿಲ್ಲ, ಒರಟುತನವೂ ಇರಲಿಲ್ಲ.

"ಬೆಳಗ್ಗೆಯಿಂದ ಒಂದೊಂದು ಡೇರೆಗೂ ಹೋಗಿ ನಾನು ಹೇಳ್ಕೊಂಡು ಬಂದಿದೀನಿ. ವಾಪಸ್ ಹೇಳ್ಕೊಂಡು ಬರೋಳು ನೀನು. ದೋಣಿ ಬಿಡೋದ್ರೊಳಗೆ."

"ಎಲ್ಲರಿಗೂನಾ?"

"ನಾನು ಯಾರನ್ನಾದ್ರೂ ಬಿಟ್ಟಿದ್ನಾ?"

ಮಾರೆನ್‌ಳಿಗೆ ಬೇಕರಿಯಲ್ಲಿ ಸರದಿ ತಪ್ಪಿಸಿದವರಿಗೆ 'ನಾನು ಮುಂದಿದ್ದೆ' ಎಂದು ಹೇಳಲೂ ಬಾಯಿ ಬರುತ್ತಿರಲಿಲ್ಲ. ಇಂಗರ್ಲಿಸ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದಳು.

ಹೋಲ್ಗರ್‌ನ ಡೇರೆಯೇ ಮೊದಲನೆಯದು. ಅದನ್ನು ದಾಟಿ ಸುಲಭದವರ ಕಡೆಗೆ ಹೋಗಬಹುದಿತ್ತು, ಹೋಗಲಿಲ್ಲ. ಅವನು ಪುರಲೆ ಹೊರೆ ಇಳಿಸಿ, ಕತ್ತಿಗೆ ಸಾಣೆ ಹಿಡಿಯುತ್ತ ಕೂತಿದ್ದ. ಅವಳ ತಲೆಯ ಮೇಲಿನ ಕೆಂಪನ್ನು ನೋಡಿ ಅವನ ಕೈ ನಿಂತಿತು. ಇಂಗರ್ಲಿಸ್ ನಿನಗೇ ಕೊಟ್ಲಾ, ಒಳ್ಳೇದಾಯ್ತು, ಪ್ರೆಬೆನ್‌ಗೂ ಸಮಾಧಾನವಾಗಿರತ್ತೆ ಎಂದ.

ಮಾರೆನ್ ಹೇಳಿದಳು.

"ಏನು?" ಎಂದ ಹೋಲ್ಗರ್, ಕಿವಿಯನ್ನು ಇತ್ತ ತಿರುಗಿಸಿ. "ಕೇಳಿಸ್ಲಿಲ್ಲ. ಜೋರಾಗಿ ಹೇಳು."

ಟೋಪಿಯೊಳಗೆ ಹಣೆ ಬೆವರಿ ತುರಿಸುತ್ತಿತ್ತು. ಅವಳು ಎರಡನೆಯ ಸಲ ಹೇಳಿದಳು. ಈ ಸಲ ಅಕ್ಕಪಕ್ಕದ ಡೇರೆಯವರೂ ತಿರುಗಿ ನೋಡಿದರು. ಹೋಲ್ಗರ್ ಎದ್ದು ಬಂದು, ಬೆಳಗ್ಗೆ ತಾನು ಬೆರಳಿಟ್ಟಿದ್ದ ಜಾಗವನ್ನೇ ಹುಡುಕಿ ಮತ್ತೆ ಬೆರಳಿಟ್ಟ. ಅವನು ಗದರಿದರೆ ಸಾಕೆನ್ನಿಸಿತು ಅವಳಿಗೆ, ಕರೆಂಟಿನ ಮಾತೆತ್ತಿ ಹತ್ತು ಜನರ ಮುಂದೆ ಹಂಗಿಸಿದರೆ ಸಾಕು. ಅವನು ಬೆರಳನ್ನು ತೆಗೆದು ಅಂಗಿಗೆ ಒರೆಸಿಕೊಂಡ. ಹೋಗಿ ಕೂತು ಮತ್ತೆ ಸಾಣೆಗೆ ಕೈ ಹಾಕಿದ. ಅವಳು ಮುಂದಿನ ಡೇರೆಗೆ ನಡೆದಳು.

ಕೊನೆಯ ಡೇರೆಯವರಿಗೂ ಅವಳು ಹೇಳಿ ಮುಗಿಸಿದಳು. ಬಿಸಿಲು ಇನ್ನೂ ಇತ್ತು, ಆ ತಿಂಗಳಲ್ಲಿ ಅಲ್ಲಿ ಸಂಜೆಯೆಂಬುದು ಬೇಗ ಮುಗಿಯುವುದಿಲ್ಲ. ಎಲ್ಲರೂ ದಂಡೆಗೆ ಇಳಿದರು. ಇಂಗರ್ಲಿಸ್ ನೀಲಿ ನಿಲುವಂಗಿಯನ್ನು ತೊಟ್ಟುಕೊಂಡೇ ಬಂದಿದ್ದಳು. ತೋಳು ಉದ್ದವಾಗಿ ಬೆರಳು ಮುಚ್ಚಿತ್ತು. ಮೂಗಿನ ಮೇಲೆ ಕನ್ನಡಕವಿತ್ತು, ಅದನ್ನು ತೆಗೆ ಎಂದು ಹೋಲ್ಗರ್ ಹೇಳಲಿಲ್ಲ. ಅವನು ಬೆಂಕಿ ಕೊಟ್ಟ, ಇಬ್ಬರು ನೀರಿಗಿಳಿದು ದೋಣಿಯನ್ನು ತಳ್ಳಿದರು. ಅದು ಒಂದು ಕಡೆಗೆ ವಾಲಿಕೊಂಡೇ ಹೋಯಿತು.

ಪುರಲೆ ಹತ್ತಿಕೊಂಡಿತು, ಚಮಚ ಹತ್ತಿಕೊಂಡಿತು. ಉಣ್ಣೆ ಬೇಗ ಹತ್ತಿಕೊಳ್ಳುವುದಿಲ್ಲ. ಉರಿಯ ನಡುವೆ ಆ ಕೆಂಪು ಮುಷ್ಟಿ ಬಹಳ ಹೊತ್ತು ಹಾಗೇ ಕೂತಿತ್ತು, ಆಮೇಲೆ ಕಪ್ಪಾಗಿ, ಕೂದಲು ಸುಟ್ಟ ಕಮಟು ವಾಸನೆ ನೀರಿನ ಮೇಲಿಂದ ದಂಡೆಗೆ ಬಂತು. ಕೆಲವರು ಮೂಗು ಮುಚ್ಚಿಕೊಂಡರು. ಇಂಗರ್ಲಿಸ್ ಮುಚ್ಚಿಕೊಳ್ಳಲಿಲ್ಲ. ಗುಂಪಿನಿಂದ ದೂರ ನಿಂತಿದ್ದ ಮಾರೆನ್‌ಳೂ ಮುಚ್ಚಿಕೊಳ್ಳಲಿಲ್ಲ. ಟೋಪಿ ತೆಗೆಯೆಂದು ಯಾರೂ ಹೇಳಿರಲಿಲ್ಲ, ಅವಳು ಅದನ್ನು ಹಾಕಿಕೊಂಡೇ ನಿಂತಿದ್ದಳು.